ಮ್ಯಾಪ್ ಕೆಲಸ ಮತ್ತು ಬೇಸಿಗೆ ತರಬೇತಿ, ಎರಡನ್ನೂ ಹೇಗೆ ನಿಭಾಯಿಸುತ್ತೀರಿ?

ಹಾದಿಗೆರೆ:

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಓರಿಯೆಂಟೀರಿಂಗ್ (ಮ್ಯಾಪ್ ನೋಡಿ ಗುರುತಿನ ಜಾಗಗಳನ್ನು ಹುಡುಕುತ್ತಾ ಓಡುವ ಸ್ಪರ್ಧೆ) ಓಡುತ್ತಿದ್ದೇನೆ. ಆದರೆ ಮ್ಯಾಪ್ ಮಾಡುತ್ತಿರುವುದು ಇದೇ ಮೊದಲು. ಎಲೆ ಉದುರಿದ ಮೇಲೆ ನಮ್ಮ ಕ್ಲಬ್‌ನ ಸ್ಪರ್ಧೆ ಇದೆ. ಎರಡು ಚದರ ಕಿಲೋಮೀಟರ್ ಕಾಡು. ಹಳೇ ಮ್ಯಾಪ್ ಒಂದಿದೆ, ಅದು ಐಸಾಮ್ 2000 ಅನ್ನುವ ಹಳೇ ಅಂತರರಾಷ್ಟ್ರೀಯ ಮ್ಯಾಪ್ ನಿಯಮಾವಳಿಯ ಕಾಲದ್ದು. ಅದರಲ್ಲಿ ಬಿಳಿ (ಸಲೀಸಾಗಿ ಓಡಬಹುದಾದ ಕಾಡು) ಇರುವ ಕಡೆ ಈಗ ಎದೆಯೆತ್ತರದ ಗಿಡ ಬೆಳೆದಿದೆ. ಅದನ್ನು ಸರಿಮಾಡಿ, ಮೂರು ಕೋರ್ಸ್ (ಓಟಗಾರರು ಕ್ರಮವಾಗಿ ಮುಟ್ಟಬೇಕಾದ ಜಾಗಗಳ ಸರಣಿ) ಹಾಕಿಕೊಡುತ್ತೇನೆ ಎಂದು ಒಪ್ಪಿಕೊಂಡೆ. ಅದು ಮುಗಿದು ಮೂರು ವಾರಕ್ಕೆ ನಾನು ಓಡಬೇಕಾದ ಲಾಂಗ್ ರೇಸ್ ಇದೆ. ಇಡೀ ವರ್ಷ ಅದಕ್ಕೇ ಕಾದಿದ್ದೇನೆ.

ವಾರಕ್ಕೆ ನಾಲ್ಕು ದಿನ, ದಿನಕ್ಕೆ ಐದು ಗಂಟೆ ಕಾಡಲ್ಲಿರುತ್ತೇನೆ. ವಾಚ್ ನೋಡಿದರೆ 11 ಕಿಲೋಮೀಟರ್ ಆಗಿರುತ್ತದೆ, ಹೃದಯ ಬಡಿತ ಮಾತ್ರ 95 ದಾಟಿರುವುದಿಲ್ಲ. ಸಂಜೆ ಓಡಲು ಹೊರಟರೆ ಕಾಲು ಕಲ್ಲಾಗಿರುತ್ತದೆ. ಕಳೆದ ವಾರ ನಾಲ್ಕು ನಿಮಿಷದ ಇಂಟರ್ವಲ್ (ನಡುವೆ ಬಿಡುವು ಕೊಟ್ಟು ಜೋರಾಗಿ ಓಡುವುದು) ಐದು ಮಾಡಬೇಕಿತ್ತು, ಮೂರನೆಯದರ ಅರ್ಧಕ್ಕೇ ನಿಂತುಬಿಟ್ಟೆ. ಅದೇ ದಿನ ಮಧ್ಯಾಹ್ನ ಒಂದು ಚಿಕ್ಕ ತಗ್ಗಿನ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದೆ. ಅದರೊಳಗೆ ಇಳಿದು ನೋಡಿದೆ, ಮೊಣಕಾಲಿಗಿಂತ ಚೂರು ಮೇಲೆ ಬರುತ್ತದೆ. ಮ್ಯಾಪಿಗೆ ಹಾಕಬೇಕೋ ಬೇಡವೋ ಎಂದು ಕೊನೆಗೂ ಗೊತ್ತಾಗಲಿಲ್ಲ.

ಎರಡೂ ಮಾಡಿದವರು ಇಲ್ಲಿದ್ದೀರಿ. ವಾರವನ್ನು ಹೇಗೆ ಹೊಂದಿಸಿಕೊಂಡಿರಿ?

ಕಂದುಗೆರೆ:

ಮೊದಲು ನಿಮ್ಮ ತಗ್ಗಿನ ವಿಷಯ. ಸಣ್ಣ ತಗ್ಗಿಗೆ ಕನಿಷ್ಠ ಆಳ ಅರ್ಧ ಮೀಟರ್, ಕಡಿದಾದ ಬದಿಗಳ ಗುಂಡಿಗೆ ಒಂದು ಮೀಟರ್. ಮೊಣಕಾಲಿಗಿಂತ ಮೇಲೆ ಅಂದರೆ ಅರ್ಧ ಮೀಟರ್ ದಾಟಿರುತ್ತದೆ, ಹಾಕಬಹುದು. ಆದರೆ ಸುತ್ತಮುತ್ತ ಅದಕ್ಕಿಂತ ದೊಡ್ಡ ಗುರುತುಗಳು ತುಂಬಾ ಇದ್ದರೆ ಬಿಟ್ಟುಬಿಡಿ. ನೀವು ಅಚ್ಚು ಹಾಕುವುದು 1:10,000 ಸ್ಕೇಲಿಗೆ ಇರಬಹುದು. ಆದರೂ ಗೆರೆ ಎಳೆಯುವಾಗ 1:15,000ದಲ್ಲಿ ಓದಲು ಆಗುವಷ್ಟೇ ತುಂಬಿ. ಜಾಗ ಇದೆ ಅಂತ ತುಂಬುತ್ತಾ ಹೋದರೆ ಓಡುವವರ ಕಣ್ಣಿಗೆ ಏನೂ ಕಾಣುವುದಿಲ್ಲ.

ಈಗ ನಿಜವಾದ ಪ್ರಶ್ನೆ. ಫೀಲ್ಡ್ ಕೆಲಸವನ್ನು ತರಬೇತಿ ಲೆಕ್ಕಕ್ಕೆ ಹಿಡಿಯಬೇಡಿ. ವಿಶ್ರಾಂತಿ ಲೆಕ್ಕಕ್ಕೂ ಹಿಡಿಯಬೇಡಿ. ನನ್ನ ಎರಡನೇ ಮ್ಯಾಪ್ ಮಾಡುವಾಗ ನಾನು ಆ ಗಂಟೆಗಳನ್ನೆಲ್ಲ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ವಾರಕ್ಕೆ ಹದಿನಾಲ್ಕು ಗಂಟೆ ಅಂತ ನೋಡಿ ಖುಷಿಪಟ್ಟಿದ್ದೆ. ಸೀಸನ್ ಬಂದಾಗ ದಿನವಿಡೀ ನಡೆಯಬಲ್ಲೆ, ಹತ್ತು ನಿಮಿಷ ಜೋರಾಗಿ ಓಡಲಾರೆ ಅನ್ನುವ ಸ್ಥಿತಿ. ನಿಂತು, ಬಗ್ಗಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ನಿಲ್ಲುವ ಕೆಲಸ ಅದು. ಕಾಲು ದಣಿಯುತ್ತದೆ, ಹೃದಯಕ್ಕೆ ಕೆಲಸವೇ ಇರುವುದಿಲ್ಲ.

ಆಮೇಲೆ ಕ್ರಮ ಬದಲಿಸಿದೆ. ಬೆಳಿಗ್ಗೆ ತಂಪಿರುವಾಗ ಮೊದಲು ಓಟ. ತಿಂದು, ಒಂದು ಗಂಟೆ ಕೂತು, ಆಮೇಲೆ ಕಾಡು. ಅದೂ ಮೂರೂವರೆ ಗಂಟೆ ಮಾತ್ರ. ಮರುದಿನ ಎರಡೂ ಇಲ್ಲ. ನಾಲ್ಕನೇ ಗಂಟೆಯ ಕೆಲಸವನ್ನು ನಾನು ನಂಬುವುದಿಲ್ಲ. ಒಮ್ಮೆ ಬಿಸಿಲಲ್ಲಿ ತಲೆ ಭಾರವಾಗಿ, ಹಾಳೆ ತಲೆಕೆಳಗಾಗಿದ್ದುದೇ ಗೊತ್ತಾಗದೆ ಒಂದು ಕೊಳ್ಳವನ್ನು ಕಾಲುದಾರಿಯ ಆಚೆ ಬದಿಗೆ ಎಳೆದಿದ್ದೆ. ಮರುದಿನ ಅಳಿಸಿ, ಅದರ ಸುತ್ತಲಿನ ಎಲ್ಲವನ್ನೂ ಮತ್ತೆ ನೋಡಬೇಕಾಯಿತು.

ಓಟ ಮತ್ತು ಮ್ಯಾಪ್ ನಿಜವಾಗಿ ಸೇರುವ ಜಾಗ ಒಂದೇ, ಗಿಡ ಒತ್ತಾಗಿ ಓಟ ನಿಧಾನವಾಗುವ ಕಡೆ ಮ್ಯಾಪಿನಲ್ಲಿ ಬಳಿಯುವ ಹಸಿರು ಬಣ್ಣ. ಎತ್ತರ ತೋರಿಸುವ ಕಾಂಟೂರ್‌ಗಳನ್ನು ಲೈಡಾರ್ (ಮೇಲಿನಿಂದ ಮಾಡಿದ ಲೇಸರ್ ಅಳತೆ) ಚೆನ್ನಾಗಿ ಕೊಡುತ್ತದೆ. ಗಿಡಗಳ ನಡುವೆ ಎಷ್ಟು ವೇಗವಾಗಿ ಓಡಬಹುದು ಅನ್ನುವುದನ್ನು ಅದು ಸರಿಯಾಗಿ ಹೇಳುವುದಿಲ್ಲ, ಕಾಲೇ ಹೇಳಬೇಕು. ಹೀಗೆ ಮಾಡಿ. ಬಿಳಿ ಕಾಡಲ್ಲಿ 100 ಮೀಟರ್ ರೇಸಿನ ವೇಗದಲ್ಲಿ ಓಡಿ. 30 ಸೆಕೆಂಡ್ ಆಯಿತು ಅಂದುಕೊಳ್ಳಿ. ಅನುಮಾನ ಇರುವ ಗಿಡಗಳ ನಡುವೆಯೂ 100 ಮೀಟರ್ ಅಷ್ಟೇ ಶ್ರಮ ಹಾಕಿ ಓಡಿ. ತಿಳಿ ಹಸಿರು ಅಂದರೆ ಮಾಮೂಲಿ ವೇಗದ 60ರಿಂದ 80 ಶೇಕಡಾ. ಅಂದರೆ 38ರಿಂದ 50 ಸೆಕೆಂಡ್. 50 ದಾಟಿದರೆ ನಡು ಹಸಿರು. ಎರಡೂವರೆ ನಿಮಿಷ ದಾಟಿದರೆ ವೇಗ ಶೇಕಡಾ 20ಕ್ಕಿಂತ ಕೆಳಗೆ, ಅದು ಗಾಢ ಹಸಿರು. ಇಂಥ ಇಪ್ಪತ್ತು ಓಟ ಆದರೆ ನಿಮ್ಮ ಇಂಟರ್ವಲ್ ಕೂಡ ಆಯಿತು, ಮ್ಯಾಪೂ ಆಯಿತು. ಟ್ರ್ಯಾಕ್ ಮೇಲಿನ ಇಂಟರ್ವಲ್‌ಗಿಂತ ನನಗೆ ಇದೇ ಹೆಚ್ಚು ಇಷ್ಟ.

ಒಂದು ಎಚ್ಚರಿಕೆ. ನಿಮ್ಮ ಸ್ಪರ್ಧೆ ಎಲೆ ಉದುರಿದ ಮೇಲೆ. ಈಗ ತುಂಬಿ ನಿಂತ ಗಿಡ ಆಗ ಬರೀ ಕಡ್ಡಿ. ಎಲೆ ನೋಡಿ ಹಸಿರು ಬಳಿಯಬೇಡಿ. ಕಾಂಡ ಎಷ್ಟು ಒತ್ತಾಗಿದೆ ಅಂತ ನೋಡಿ.

ಮುಂಜಾವಿನ ಓಟ:

ಹಿಂದಿನವರು ಹೇಳಿದ್ದೆಲ್ಲ ಸರಿ, ಆದರೆ ಗಂಟೆಗಳ ಲೆಕ್ಕ ಹಾಕಿ. ಒಳ್ಳೆಯ ಬೇಸ್ ಮ್ಯಾಪ್ (ಕೆಲಸ ಶುರುಮಾಡಲು ಆಧಾರದ ಮ್ಯಾಪ್) ಇದ್ದರೂ ನನಗೆ ಒಂದು ಚದರ ಕಿಲೋಮೀಟರಿಗೆ 25 ಗಂಟೆ ಬೇಕಾಗುತ್ತದೆ. ನಿಮ್ಮದು ಮೊದಲ ಮ್ಯಾಪ್, ಇನ್ನೂ ಜಾಸ್ತಿ ಬೇಕು. ಮೂರು ಕೋರ್ಸಿಗೆ ಎರಡು ಚದರ ಕಿಲೋಮೀಟರ್ ಪೂರ್ತಿ ಬೇಕಾ? ಓಟಗಾರರು ಹೋಗುವ ಕಡೆ ಚೆನ್ನಾಗಿ ಮಾಡಿ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಬಿಡಿ, ಮ್ಯಾಪಿನಿಂದ ಕತ್ತರಿಸಿಬಿಡಿ. ಅರ್ಧ ಸರಿಮಾಡಿದ ಜಾಗದಲ್ಲಿ ದಾರಿ ತಪ್ಪಿದವರ ಸಿಟ್ಟು ನಾನು ನೋಡಿದ್ದೇನೆ, ಅವರ ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ವಾರಕ್ಕೆ ಎರಡು ಜೋರು ಓಟ, ಒಂದು ದೂರದ ಓಟ. ಇವು ಮೂರನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಬೇರೆ ಓಟಗಳು ತಪ್ಪಿದರೆ ಚಿಂತೆ ಬೇಡ.

ನೇರಳೆವೃತ್ತ:

ನಾನು ಕೋರ್ಸ್ ಬಗ್ಗೆ ಹೇಳುತ್ತೇನೆ. ವಿಶ್ರಾಂತಿಯ ದಿನ ಮನೆಯಲ್ಲಿ ಕೂತು ಮಾಡುವ ಕೆಲಸ ಇದು. ಕೋರ್ಸ್ ಹಾಕುವ ಸಾಫ್ಟ್‌ವೇರ್ ಪರ್ಪಲ್ ಪೆನ್ ಉಚಿತ, ಅದೇ ಸಾಕು.

ಮೊದಲು ಒಳ್ಳೆಯ ಲೆಗ್ (ಒಂದು ಕಂಟ್ರೋಲಿನಿಂದ ಮುಂದಿನದಕ್ಕೆ ಓಡುವ ಭಾಗ) ಹುಡುಕಿ, ಕಂಟ್ರೋಲ್ (ಓಟಗಾರ ಮುಟ್ಟಬೇಕಾದ ಜಾಗ) ಅಲ್ಲ. ಎಡಕ್ಕೋ ಬಲಕ್ಕೋ ಎಂದು ಓಟಗಾರ ನಿಂತು ಯೋಚಿಸುವಂಥ ಎರಡು ಉದ್ದದ ಲೆಗ್ ಸಿಕ್ಕಿದರೆ ಕೋರ್ಸಿನ ಬೆನ್ನೆಲುಬು ಸಿಕ್ಕಿದ ಹಾಗೆ. ಉಳಿದವು ಅವನ್ನು ಜೋಡಿಸುವ ಕೊಂಡಿಗಳು. ಬಂದ ದಾರಿಯಲ್ಲೇ ವಾಪಸ್ ಹೋಗುವಂತೆ ಕಂಟ್ರೋಲ್ ಇಡಬೇಡಿ. ಹಿಂದಿನಿಂದ ಬರುವವರಿಗೆ ಅದು ಪುಕ್ಕಟೆ ಸುಳಿವು. ಒಟ್ಟು ಏರು, ಅತಿ ಹತ್ತಿರದ ಸರಿಯಾದ ದಾರಿಯ ಉದ್ದದ ಶೇಕಡಾ 4 ಮೀರದಿರಲಿ. ಐದು ಕಿಲೋಮೀಟರಿಗೆ 200 ಮೀಟರ್ ಆಯಿತು.

ಆ ಉದ್ದದ ಲೆಗ್‌ಗಳನ್ನು ನೀವೇ ಓಡಿ ನೋಡಿ. ಒಂದು ವಾರ ಎಡದ ದಾರಿ, ಮುಂದಿನ ವಾರ ಬಲದ್ದು, ಎರಡೂ ರೇಸಿನ ವೇಗದಲ್ಲಿ. ನಿಮ್ಮ ಎರಡನೇ ಜೋರು ಓಟ ಇಲ್ಲೇ ಸಿಕ್ಕಿತು, ಅಲ್ವಾ? ಒಂದು ದಾರಿ ಒಂದು ನಿಮಿಷ ಬೇಗ ಎಂದು ಕಂಡರೆ ಅಲ್ಲಿ ಆಯ್ಕೆಯೇ ಇಲ್ಲ. ಕಂಟ್ರೋಲನ್ನು ಸ್ವಲ್ಪ ಸರಿಸಿ, ಮತ್ತೆ ಓಡಿ.

ಕಂಟ್ರೋಲ್ ಜಾಗಕ್ಕೆ ಗುರುತಿನ ಟೇಪ್ ಕಟ್ಟಿದ ಮೇಲೆ ಇನ್ನೊಬ್ಬರನ್ನು ಕಳಿಸಿ. ನೀವು ಬರಬೇಡಿ, ಮ್ಯಾಪ್ ಕೊಟ್ಟು ಅವರನ್ನು ಒಬ್ಬರನ್ನೇ ಕಳಿಸಿ. ನಾನೊಮ್ಮೆ ಎರಡು ಬಂಡೆಗಳಲ್ಲಿ ತಪ್ಪು ಬಂಡೆಗೆ ಟೇಪ್ ಕಟ್ಟಿದ್ದೆ. ನಡುವೆ 40 ಮೀಟರ್. ಆ ಕಾಡಿಗೆ ಹತ್ತು ಸಲ ಹೋಗಿದ್ದೆ, ಹಾಗಾಗಿಯೇ ಮ್ಯಾಪ್ ಸರಿಯಾಗಿ ನೋಡಿರಲಿಲ್ಲ. ಗೆಳತಿ ಬಂದು ಹೇಳಿರದಿದ್ದರೆ ಆ ಕೋರ್ಸೇ ರದ್ದಾಗುತ್ತಿತ್ತು.

ಹಾದಿಗೆರೆ, ಮೂರು ವಾರದ ನಂತರ:

ಎಲ್ಲರಿಗೂ ಧನ್ಯವಾದ. ಉತ್ತರದ ಭಾಗ ಕತ್ತರಿಸಿಬಿಟ್ಟೆ. ಈಗ 1.3 ಚದರ ಕಿಲೋಮೀಟರ್. ಕೈ ಬಿಡುವಾಗ ಹೊಟ್ಟೆ ಉರಿಯಿತು, ಅಲ್ಲೊಂದು ಚಂದದ ಏಣು ಇದೆ.

ಹಸಿರಿನ ಓಟ ಮೂರು ಸಲ ಮಾಡಿದೆ. ನನ್ನ ಬಿಳಿ ಕಾಡಿನ 100 ಮೀಟರಿಗೆ 32 ಸೆಕೆಂಡ್. ನಾನು ನಡು ಹಸಿರು ಎಂದು ಬಳಿದಿದ್ದ ಇಳಿಜಾರು 46ರಲ್ಲಿ ಮುಗಿಯಿತು. ಮೂರು ಸಲವೂ 45ರಿಂದ 48. ತಿಳಿ ಹಸಿರೇ ಅದು. ಎಲೆ ನೋಡಿ ಮೋಸ ಹೋಗಿದ್ದೆ. ಆ ಜಾಗ ಈಗ ಉದ್ದದ ಲೆಗ್‌ನ ಬಲದ ದಾರಿ ಆಗಿದೆ. ಸುತ್ತಿಕೊಂಡು ಹೋಗುವ ಎಡದ ದಾರಿಗೂ ಅದಕ್ಕೂ ನನ್ನ ಓಟದಲ್ಲಿ ಒಂಬತ್ತು ಸೆಕೆಂಡ್ ವ್ಯತ್ಯಾಸ ಅಷ್ಟೇ. ಮೊನ್ನೆ ನಾಲ್ಕು ನಿಮಿಷದ ಇಂಟರ್ವಲ್ ಐದೂ ಮುಗಿಸಿದೆ.

ಇನ್ನೊಂದೇ ಪ್ರಶ್ನೆ. ಆ ಚಿಕ್ಕ ತಗ್ಗು ನನಗೆ ತುಂಬಾ ಇಷ್ಟವಾಗಿದೆ. ಹೊಸಬರ ಕೋರ್ಸಿನ ಏಳನೇ ಕಂಟ್ರೋಲ್ ಅಲ್ಲಿಡಬಹುದಾ?

ನೇರಳೆವೃತ್ತ:

ಬೇಡ. ತಗ್ಗಿನೊಳಗಿನ ಕಂಟ್ರೋಲ್ ಹತ್ತು ಹೆಜ್ಜೆ ಹತ್ತಿರ ಬರುವ ತನಕ ಕಾಣುವುದಿಲ್ಲ. ಹೊಸಬರಿಗೆ ಕಾಲುದಾರಿಯ ಕವಲು, ಬೇಲಿಯ ಮೂಲೆ ಇಂಥವು ಕೊಡಿ. ತಗ್ಗನ್ನು ಉದ್ದದ ಕೋರ್ಸಿಗೆ ಇಟ್ಟುಕೊಳ್ಳಿ. ಅಂಥದ್ದೇ ಇನ್ನೊಂದು ತಗ್ಗು 60 ಮೀಟರ್ ಒಳಗೆ ಇದೆಯಾ ಎಂದು ನೋಡಿ, ಇದ್ದರೆ ಒಂದರಲ್ಲಿ ಮಾತ್ರ ಕಂಟ್ರೋಲ್ ಇಡಿ.

ಹಾದಿಗೆರೆ:

ಸರಿ, ಕವಲಿಗೆ ಸರಿಸಿದೆ. ತಗ್ಗು ಉದ್ದದ ಕೋರ್ಸಿನ ಹನ್ನೊಂದನೇ ಕಂಟ್ರೋಲ್. ನಾಳೆ ಬೆಳಿಗ್ಗೆ ದೂರದ ಓಟ ಮುಗಿಸಿ ಟೇಪ್ ಕಟ್ಟಲು ಹೋಗುತ್ತೇನೆ. ಭಾನುವಾರ ತಮ್ಮ ಒಬ್ಬನೇ ಮ್ಯಾಪ್ ಹಿಡಿದು ಹೋಗಿ ನೋಡಿಕೊಂಡು ಬರುತ್ತಾನೆ.