ಸಹಾಯ ಬೇಕು: ಮೂಳೆ ಸವೆತ ಇರುವವರಿಗೆ ಆಸ್ಟಿಯೋಪಥಿ ಮಾಡಿಸಬಹುದಾ?

ನಮಸ್ಕಾರ. ಅಮ್ಮನಿಗೆ ತುಂಬಾ ಸಮಯದಿಂದ ಸೊಂಟ ನೋವು. ಬೆಳಿಗ್ಗೆ ಬಗ್ಗೋಕೆ ಆಗಲ್ಲ, ಸ್ವಲ್ಪ ಓಡಾಡಿದರೆ ಸಡಿಲವಾಗುತ್ತದೆ. ಕಾಲು ಜೋಮು, ಜ್ವರ, ಮೂತ್ರದ ತೊಂದರೆ ಯಾವುದೂ ಇಲ್ಲ. ಎಕ್ಸ್‌ರೇ ನೋಡಿ ಡಾಕ್ಟರು ಮೂಳೆ ಮುರಿದಿಲ್ಲ ಎಂದರು. ನೋವಿನ ಮಾತ್ರೆ, ಬಿಸಿ ಶಾಖ, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಎಲ್ಲ ಆಯಿತು. ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ನೋಡೋಕೇ ಸಂಕಟ.

ಈಗ ಪರಿಚಯದವರು ಆಸ್ಟಿಯೋಪಥಿ ಮಾಡಿಸಿ ಅಂತಿದ್ದಾರೆ. ಕೈಯಿಂದಲೇ ಸ್ನಾಯು ಒತ್ತಿ, ಕೀಲು ಆಡಿಸುವ ಚಿಕಿತ್ಸೆ, ಅಲ್ವಾ? ಅದಕ್ಕೆ ಭಯವಿಲ್ಲ. ಆದರೆ ಕೆಲವೊಮ್ಮೆ ಬೆನ್ನುಮೂಳೆಯನ್ನು ಲಟಕ್ಕನೆ ತಿರುಗಿಸುವುದೂ ಉಂಟು. ಅಮ್ಮನಿಗೆ ಆಸ್ಟಿಯೋಪೊರೋಸಿಸ್ ಇದೆ, ಅಂದರೆ ಮೂಳೆ ಸವೆದು ಸುಲಭವಾಗಿ ಮುರಿಯುವಂತಾಗುವ ಕಾಯಿಲೆ. ಅಂಥ ಮೂಳೆಗೆ ಆ ಜೋರು ಅಪಾಯ, ಅದು ಬೇಡವೇ ಬೇಡ.

ನನ್ನ ಪ್ರಶ್ನೆ ಇಷ್ಟೇ: ಮೂಳೆ ಸವೆತ ಇದ್ದೂ ಬರೀ ಮೃದು ವಿಧಾನದ ಆಸ್ಟಿಯೋಪಥಿ ಮಾಡಿಸಿಕೊಂಡವರು ಇದ್ದೀರಾ? ಶುರು ಮಾಡುವ ಮೊದಲು ಚಿಕಿತ್ಸೆ ಕೊಡುವವರನ್ನು ಏನೇನು ಕೇಳಿ ಖಚಿತ ಮಾಡಿಕೊಳ್ಳಬೇಕು?