ಸಹಾಯ ಬೇಕು: ಹಳೇ ಬಂಡಿದಾರಿಯನ್ನು ಸೈಕಲ್ ದಾರಿ ಮಾಡಬೇಕು

ನಮಸ್ಕಾರ. ಪಾಂಡವಪುರ ತಾಲ್ಲೂಕಿನ ನಮ್ಮ ಮೂರು ಹಳ್ಳಿಗಳ ನಡುವೆ ನಡೆಯೋಕೆ, ಸೈಕಲ್ ತುಳಿಯೋಕೆ ಒಂದು ದಾರಿ ಹುಡುಕುತ್ತಿದ್ದೇವೆ. ಈಗ ಹೈಸ್ಕೂಲ್ ಮಕ್ಕಳು ಕಬ್ಬಿನ ಲಾರಿಗಳ ಪಕ್ಕದಲ್ಲೇ ಹೋಗಬೇಕು. ಲಾರಿ ಬಂದಾಗ ಹುಡುಗಿಯರು ಸೈಕಲ್ ಇಳಿದು ಬೇಲಿಗೆ ಒತ್ತಿಕೊಂಡು ನಿಲ್ಲುತ್ತಾರೆ. ನೋಡೋಕಾಗಲ್ಲ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆ ಹೋದರೆ ದಾರಿ ಹತ್ತಿರವಾಗುತ್ತೆ. ಆದರೆ ನಮ್ಮ ಕಡೆ ತಡೆಗೋಡೆ ಇಲ್ಲ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ ನಾಲೆಗೆ ಬಿದ್ದು 30 ಜನ ಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ಹಳೇ ಬಂಡಿದಾರಿಯೇ ವಾಸಿ ಅಲ್ವಾ? ಗ್ರಾಮನಕ್ಷೆಯಲ್ಲಿ ಬಂಡಿದಾರಿ ತೋರಿಸುವ ಜೋಡಿ ಚುಕ್ಕೆ ಗೆರೆ ಸ್ಪಷ್ಟವಾಗಿದೆ. ಹೋಗಿ ನೋಡಿದರೆ ಅರ್ಧ ದಾರಿ ಗದ್ದೆಯೊಳಗೆ ಸೇರಿಹೋಗಿದೆ.

ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್‌ನಲ್ಲಿ ದಾರಿಯ ಸರ್ವೆ ನಂಬರ್ ಗುರುತು ಮಾಡಿಕೊಂಡಿದ್ದೇವೆ. ಹೀಗೆ ಒತ್ತುವರಿಯಾದ ಬಂಡಿದಾರಿ ಬಿಡಿಸಿಕೊಂಡವರು ಯಾರಾದರೂ ಇದ್ದೀರಾ? ತಹಶೀಲ್ದಾರ್‌ಗೆ ಅರ್ಜಿ ಹೇಗೆ ಬರೆದಿರಿ? ಮುಖ್ಯವಾಗಿ, ಅಕ್ಕಪಕ್ಕದ ರೈತರನ್ನು ಜಗಳವಿಲ್ಲದೆ ಹೇಗೆ ಒಪ್ಪಿಸಿದಿರಿ?