ಅಪ್‌ಡೇಟ್: ತಂಗಿಯ ಆಪರೇಷನ್ ಆಯ್ತು, ಅಪ್ಪನೂ ಚೇತರಿಸಿಕೊಳ್ಳುತ್ತಿದ್ದಾರೆ

ತಂಗಿ ಅಪ್ಪನಿಗೆ ತನ್ನ ಲಿವರಿನ ಒಂದು ಭಾಗ ಕೊಡುತ್ತಿದ್ದಾಳೆ, ಅವಳಿಗೆ ಕೀಹೋಲ್ ಆಪರೇಷನ್ (ಹೊಟ್ಟೆ ಪೂರ್ತಿ ತೆರೆಯದೆ ಸಣ್ಣ ತೂತುಗಳಿಂದ ಮಾಡುವುದು) ಮಾಡಿಸಬಹುದಾ ಎಂದು ಇಲ್ಲಿ ಕೇಳಿದ್ದೆ. ಕೊಪ್ಪಳದಿಂದ ಬೆಂಗಳೂರಿಗೆ ಹೋಗಿ ಅದನ್ನೇ ಮಾಡಿಸಿದೆವು. ಧೈರ್ಯ ಹೇಳಿದ ಎಲ್ಲ ಅಣ್ಣಂದಿರಿಗೂ ಅಕ್ಕಂದಿರಿಗೂ ಧನ್ಯವಾದ.

ಸಿಟಿ, ಎಂಆರ್‌ಐ ಸ್ಕ್ಯಾನ್ ನೋಡಿದ ಮೇಲೆಯೇ ಡಾಕ್ಟರ್ ಒಪ್ಪಿದರು. ಲಿವರಿನಲ್ಲಿ ರಕ್ತನಾಳ, ಪಿತ್ತನಾಳ ಹೇಗೆ ಕವಲೊಡೆದಿವೆ ಅನ್ನೋದೇ ಮುಖ್ಯ. ಒಳಗೆ ತೊಂದರೆ ಕಂಡರೆ ಅಲ್ಲೇ ಹೊಟ್ಟೆ ತೆರೆದು ಮಾಡುತ್ತೇವೆ ಎಂದು ಮೊದಲೇ ಸಹಿ ಹಾಕಿಸಿಕೊಂಡರು. ಅವ್ವ ತುಂಬಾ ಹೆದರಿದಳು. ಆದರೆ ಕೊಡುವವಳ ಜೀವ ಮೊದಲು, ಗಾಯದ ಗುರುತು ಆಮೇಲೆ ಅಲ್ವಾ?

ಒಂದು ವಿಷಯ ನೀವೂ ತಿಳಿದಿರಲಿ. ಸಣ್ಣ ತೂತುಗಳಿಂದ ಕತ್ತರಿಸಿದರೂ, ಲಿವರಿನ ಆ ತುಂಡನ್ನು ಹೊರಗೆ ತೆಗೆಯೋಕೆ ಕೆಳಹೊಟ್ಟೆಯಲ್ಲಿ ಸಿಸೇರಿಯನ್ ಥರದ ಗಾಯ ಮಾಡುತ್ತಾರೆ. ಹಾಗಾಗಿ ನೋವೇ ಇರಲ್ಲ ಅನ್ನೋದು ಸುಳ್ಳು. ಅವಳ ಲಿವರಿನ ಬಲಭಾಗ, ಸುಮಾರು 60%, ತೆಗೆದಿದ್ದಾರೆ. ಉಳಿದದ್ದು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಸದ್ಯ ಭಾರ ಎತ್ತುವಂತಿಲ್ಲ. ನೀರಿನ ಕೊಡ ಮುಟ್ಟಿದರೂ ಅವ್ವ ಬೈಯುತ್ತಾಳೆ.

ಅಪ್ಪನದು ದೊಡ್ಡ ಗಾಯದ ಆಪರೇಷನ್ನೇ. ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ಮಾತ್ರೆ ಜೀವನಪೂರ್ತಿ ಬೇಕು. ಅದರಿಂದ ಸೋಂಕು ಬೇಗ ತಗಲುತ್ತದೆ. ಈ ಸಲ ಗವಿಮಠದ ಜಾತ್ರೆಗೆ ಅವರನ್ನು ಕರೆದುಕೊಂಡು ಹೋಗುವುದಿಲ್ಲ.